ಭಾನುವಾರದ ಸೊನ್ನೆ

ಆಗಸ್ಟ್ 2, ಶನಿವಾರ. ಬೆಳಿಗ್ಗೆ 8.30
ಮಳೆಮಾಪಕದಲ್ಲಿ ಒಂದು ಸತ್ತ ಇರುವೆ. ನೀರಿಲ್ಲ. 0 ಬರೆದೆ. ಪುಸ್ತಕದ ಕೆಳಗಿನ ಸಾಲಿನಲ್ಲಿ ನಾಳೆಯದೂ 0. ಆರು ವರ್ಷದಿಂದ ಇದೇ ಕಳ್ಳಾಟ. ಭಾನುವಾರ ಬಟ್ಟೆ ಒಗೆಯೋದು ಬಿಟ್ಟು ಯಾರು ಬರ್ತಾರೆ? ಅಕಸ್ಮಾತ್ ಮಳೆ ಬಂದರೂ ಆ ನೀರು ಸೋಮವಾರದ ಲೆಕ್ಕಕ್ಕೆ ಸೇರುತ್ತದೆ. ಜಗಳೂರಲ್ಲಿ ಸೊನ್ನೆ ಬರೆದವರು ಸಿಕ್ಕಿಬೀಳೋದು ಕಡಿಮೆ.

ಆಗಸ್ಟ್ 7, ಗುರುವಾರ
ಮೋಡ ಬಿತ್ತನೆ ಕಂಪನಿಯವರ ಸಭೆ. ಅವರ ಆಫೀಸರ್ ಜಯಪ್ಪ ನನ್ನ ಆರು ವರ್ಷದ ಪುಸ್ತಕವನ್ನೇ ಗ್ರಾಫ್ ಮಾಡಿ ಗೋಡೆ ಮೇಲೆ ತೋರಿಸಿದರು. ಈ ಊರಲ್ಲಿ ಭಾನುವಾರ ಮಳೆಯೇ ಆಗಿಲ್ಲವಂತೆ. ಅದಕ್ಕೇ ವಿಮಾನ ಭಾನುವಾರವೇ ಹಾರುತ್ತದಂತೆ. ಅವತ್ತು ಬಿದ್ದದ್ದೆಲ್ಲ ಕಂಪನಿಯದೇ ಮಳೆ ಅಂತ ಸಾಬೀತಾಗುತ್ತದಂತೆ.

ಎದ್ದು ಹೇಳಬೇಕಿತ್ತು. ಕೆಲಸ ಹೋಗುತ್ತದೆ, ಸುಮ್ಮನೆ ಕೂತೆ.

ಹಳ್ಳದ ದಂಡೆಯ ಕುರಿಗಾರ ತಿಪ್ಪೇಶಪ್ಪ ಮಾತ್ರ ಎದ್ದ. “ಆ ಮೋಡ ಬ್ಯಾರೆ ಊರಿಗೆ ಹೊಂಟಿದ್ರೆ? ಆ ಊರೋರನ್ನ ಕೇಳೀರೇನ್ರಿ?”

“ಮೋಡ ಯಾರ ಹೆಸರಿಗೂ ಖಾತೆ ಆಗಿಲ್ಲ, ಯಜಮಾನ್ರೇ,” ಅಂದರು ಜಯಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದೆ.

ಆಗಸ್ಟ್ 9, ಶನಿವಾರ
ಭಯಕ್ಕೆ ನಾಳೆಯ ಸಾಲು ಖಾಲಿ ಬಿಟ್ಟಿದ್ದೆ. ಜಯಪ್ಪ ಬಂದು ಪುಸ್ತಕ ತಿರುವಿದರು. “ನಾಳೇದೂ ಬರೀರಿ ಶಾಹೀನ್ ಮೇಡಂ. ಹನ್ನೆರಡು. ನಿಮಗೆ ಅಭ್ಯಾಸ ಐತಲ್ಲ.”

ಇವರಿಗೆ ಹೇಗೆ ಗೊತ್ತು? ಬರೆದೆ.

ಆಗಸ್ಟ್ 10, ಭಾನುವಾರ
ಮಧ್ಯಾಹ್ನ ವಿಮಾನ. ಆಮೇಲೆ ಮಳೆ. ಗಾಳಿಯಿಲ್ಲ, ಗುಡುಗಿಲ್ಲ. ಮಣ್ಣಿನ ವಾಸನೆ ಕೂಡ ಏಳಲಿಲ್ಲ… ಐದಕ್ಕೆ ಅಳೆದೆ. 12 ಮಿಲಿಮೀಟರ್. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೊನ್ನಾಳಿಯಿಂದ ತಂಗಿ ಮಸರತ್ ಫೋನ್. ಅಲ್ಲಿ ಕರೀ ಮೋಡ ನೆತ್ತಿಗೆ ಬಂದು, ಯಾರೋ ಕರೆದ ಹಾಗೆ ವಾಪಸ್ ಹೋಯಿತಂತೆ. ಯಾರು ಕರೆದರು ಅಂತ ನಾನು ಹೇಳಲಿಲ್ಲ.

ಆಗಸ್ಟ್ 17, ಭಾನುವಾರ
ಬರೆದದ್ದು 20. ಬಿದ್ದದ್ದು 20.
ಹೊಂಡ ತುಂಬಿದೆ. ತಿಪ್ಪೇಶಪ್ಪನ ಕುರಿ ಒಂದೂ ಬಾಯಿ ಹಚ್ಚುತ್ತಿಲ್ಲ. ನೀರಿಗೆ ಬೆನ್ನು ಹಾಕಿ ಸಾಲಾಗಿ ನಿಂತಿವೆ.

ಆಗಸ್ಟ್ 22, ಶುಕ್ರವಾರ
ಮೆಕ್ಕೆಜೋಳದವರು ಬಂದು ಜಾಸ್ತಿ ಬರೀರಿ ಅಂದರು. ಶೇಂಗಾದವರು ಕಡಿಮೆ ಅಂದರು. ನಾನು ಬರೆದಷ್ಟೇ ಮಳೆ ಬೀಳುತ್ತದೆ ಅಂತ ಯಾರು ಹಬ್ಬಿಸಿದರೋ! ಎರಡೂ ಕಡೆಯವರು ಬಾಳೆಹಣ್ಣು ತಂದಿದ್ದರು. ಇಟ್ಟುಕೊಂಡೆ.

ಆಗಸ್ಟ್ 24, ಭಾನುವಾರ
ನಿನ್ನೆ 15 ಬರೆದಿದ್ದೆ. ಇವತ್ತು ವಿಮಾನ ಕೆಟ್ಟಿದೆ, ಹಾರಲ್ಲ ಅಂತ ಜಯಪ್ಪ ಬೆಳಿಗ್ಗೆಯೇ ಫೋನ್ ಮಾಡಿದ್ದರು.
15 ಬಿತ್ತು.
ತಿಳಿಸಿದೆ. ಜಯಪ್ಪ ಅಂದರು, “ಯಾರಿಗೂ ಹೇಳಾಕೆ ಹೋಗಬ್ಯಾಡ್ರಿ.”
ಹೆದರಿಕೆ ಆಗುತ್ತಿದೆ. ನನ್ನ ಕೈ ನನಗೇ ಬೇಡ ಅನಿಸುತ್ತಿದೆ.

ಸೆಪ್ಟೆಂಬರ್ 6, ಶನಿವಾರ
ಎರಡು ವಾರ ಪುಸ್ತಕ ಮುಟ್ಟಿರಲಿಲ್ಲ. ಜ್ವರ ಅಂತ ರಜೆ. ಹನಿಯೂ ಬೀಳಲಿಲ್ಲ.

ನಾಳೆ ಮಳೆ ನೋಡಲು ದೊಡ್ಡವರು ಬರುತ್ತಾರಂತೆ. ಜಯಪ್ಪ 150 ಬರೀರಿ ಅಂದರು. ಹಳ್ಳ ಉಕ್ಕುತ್ತದೆ, ದಂಡೆಯಲ್ಲಿ ತಿಪ್ಪೇಶಪ್ಪನ ಮನೆ ಇದೆ, ಸೊಸೆ ಹೊನ್ನೂರಮ್ಮ ಹಸಿ ಬಾಣಂತಿ ಅಂದೆ. ಅವರನ್ನು ಖಾಲಿ ಮಾಡಿಸುತ್ತೇವೆ ಅಂದರು. ಹೋಗಿ ಕೇಳಿದೆ, ಯಾರೂ ಬಂದಿಲ್ಲ. ನೀವಾದರೂ ಏಳಿ ಅಂದೆ. ತಿಪ್ಪೇಶಪ್ಪ ನಕ್ಕ. “ಹನ್ನೆರಡು ದಿನದ ಕೂಸು ಕಟ್ಕೊಂಡು ಎಲ್ಲಿಗೆ ಹೋಗಾನವ್ವ?”

ವಾಪಸ್ ಬಂದು 0 ಬರೆದೆ. ಆರು ವರ್ಷದಲ್ಲಿ ಮನಸಾರೆ ಬರೆದ ಮೊದಲ ಸೊನ್ನೆ.

ಸೆಪ್ಟೆಂಬರ್ 7, ಭಾನುವಾರ. ಮಧ್ಯಾಹ್ನ 1.00
ವಿಮಾನ ಎರಡು ಸುತ್ತು ಹಾಕಿ ಹೋಯಿತು. ಒಂದು ಹನಿಯಿಲ್ಲ. ಶಾಮಿಯಾನದ ಕೆಳಗೆ ದೊಡ್ಡವರು ಬೆವರು ಒರೆಸಿಕೊಳ್ಳುತ್ತಿದ್ದಾರೆ. ನೋಡಿ ಖುಷಿಯಾಯಿತು. ಸುಳ್ಳೇಕೆ?

2.10
ಮಸರತ್ ಫೋನ್. ಹೊನ್ನಾಳಿಯಲ್ಲಿ ಅವಳ ಮನೆ ಹೊಳೆ ಪಕ್ಕದ ತಗ್ಗಿನ ಬೀದಿಯಲ್ಲಿ. “ಗಾಳಿ ಇಲ್ಲ, ಗುಡುಗಿಲ್ಲ, ವಾಸನೇನೂ ಇಲ್ಲ ಆಪಾ. ಸುಮ್ನೆ ಸುರೀತಾ ಐತೆ.” ಹೊಸ್ತಿಲು ದಾಟಿದೆಯಂತೆ ನೀರು. ಮಕ್ಕಳನ್ನು ಮಂಚದ ಮೇಲೆ ಕೂರಿಸಿದ್ದಾಳೆ. ಬಾಗಿಲಾಚೆ ಸೊಂಟದುದ್ದ, ಹೊರಗೆ ಬರಲಾರಳು. ನಾನು ಇಲ್ಲಿ ತಡೆದ ಮಳೆಯೇ ಅಲ್ಲಿ ಸುರಿಯುತ್ತಿದೆ.

2.35
ಮತ್ತೆ ಫೋನ್. ಮಂಚದ ಕಾಲುಗಳು ಮುಳುಗಿವೆ.
ಹಳ್ಳದ ದಂಡೆಗೆ ಓಡಿಹೋಗಿ, ಹಳ್ಳ ಉಕ್ಕುತ್ತದೆ ಏಳಿ ಅಂತ ಹೇಳಿ ಬಂದೆ. ಬಾಣಂತಿಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಬೇಡ ಅಂದ ತಿಪ್ಪೇಶಪ್ಪ. ಬಿಸಿಲು ನೋಡಿ ಅವನು ನನ್ನ ನಂಬಲಿಲ್ಲ.

2.50
ಪುಸ್ತಕ ತೆರೆದಿದೆ. ಸೊನ್ನೆಯ ಎಡಕ್ಕೆ ಜಾಗ ಬಿಟ್ಟೇ ಬರೆದಿದ್ದೇನೆ. ಎರಡು ಅಂಕಿ ಹಿಡಿಸುತ್ತದೆ. ಅಳಿಸೋದೂ ಬೇಡ.
ಮಸರತ್ ಮಕ್ಕಳು ಮೂರು. ಇಲ್ಲಿ ಕೂಸು ಒಂದು. ಹೀಗೆ ಎಣಿಸಬಾರದು. ಎಣಿಸಿಬಿಟ್ಟೆ.
ಫೋನ್ ಹೊಡೆದುಕೊಳ್ಳುತ್ತಿದೆ. ಯಾ ಅಲ್ಲಾ… ಮೊದಲು 1. ಆಮೇಲೆ