ಏಳನೇ ಪ್ರಶ್ನೆ

ಸವದತ್ತಿ,
ದಿ. ೧೮ ಜುಲೈ ೧೯೭೫

ಪ್ರೀತಿಯ ನರ್ಮದಾ,

ಅನೇಕ ಆಶೀರ್ವಾದಗಳು. ನಿನ್ನ ಸೊಂಟನೋವು ಈಗ ಹೇಗಿದೆ? ಬೀದರಿನ ನೀರು ಇನ್ನೂ ಒಗ್ಗಿಲ್ಲವೆಂದು ಕಳೆದ ಪತ್ರದಲ್ಲಿ ನೀನು ಬರೆದಿದ್ದೆ. ಕಾಯಿಸಿ ಕುಡಿಯುತ್ತೀಯಾ, ಇಲ್ಲವೇ ರೋಗಿಗಳಿಗೆಲ್ಲ ಕಾಯಿಸಿ ಕುಡಿಯಿರೆಂದು ಹೇಳಿ ನೀನು ಮಾತ್ರ ನಳಕ್ಕೆ ಬಾಯಿ ಹಚ್ಚುತ್ತೀಯಾ? ನಿನ್ನ ಗುಣ ನನಗೆ ಗೊತ್ತು. ಬೈಲಹೊಂಗಲದ ಮನೆಯಲ್ಲಿ ಅವ್ವ ಕ್ಷೇಮ. ನಿನ್ನ ಮಗಳು ಗೋದಾ ಒಂದನೇ ಇಯತ್ತೆಗೆ ಹೋಗುತ್ತಿದ್ದಾಳೆ, ಮುಂದಿನ ಎರಡು ಹಲ್ಲು ಬಿದ್ದಿವೆ, ನಿನ್ನ ಹೆಸರನ್ನು ‘ನಮ್ಮದಾ’ ಎನ್ನುತ್ತಾಳೆ. ನೀನು ಬೀದರಿಗೆ ಹೋದಾಗ ಅವಳಿಗೆ ಮೂರು ವರ್ಷ. ಈಗ ಮನೆಗೆ ಬಿಳಿ ಸೀರೆಯವರು ಯಾರು ಬಂದರೂ ಬಾಗಿಲಿಗೆ ಓಡುತ್ತಾಳೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ.

ಅಂಕಿಸಂಖ್ಯೆಯ ಗುಮಾಸ್ತನಿಗೆ ಖುರ್ಚಿಯೇ ಜಗತ್ತು ಎಂದು ನೀನು ನಗುತ್ತಿದ್ದೆಯಲ್ಲ, ಈಗ ಬಂದು ನೋಡು. ನಾಲ್ಕು ವಾರದಿಂದ ಬಸ್ಸಿನಲ್ಲೇ ನನ್ನ ಸಂಸಾರ. ಇವತ್ತು ಕಿತ್ತೂರು, ನಾಳೆ ನೇಸರಗಿ, ನಾಡಿದ್ದು ರಾಮದುರ್ಗ. ರಾಜ್ಯದಲ್ಲೆಲ್ಲ ನರ್ಸುಗಳ ಕೊರತೆ ಇದೆ, ಹೊಸ ನರ್ಸಿಂಗ್ ಶಾಲೆಗಳನ್ನು ಎಲ್ಲೆಲ್ಲಿ ತೆರೆಯಬೇಕು ಎಂದು ಬೆಂಗಳೂರಿನಲ್ಲಿ ಸಮಿತಿಯೊಂದು ಯೋಜನೆ ಹಾಕುತ್ತಿದೆ. ಅವರ ಲೆಕ್ಕಾಚಾರ ಸರಳ. ಕಲಿಯಲು ಬರುವ ಹುಡುಗಿಯರು ಎಲ್ಲಿ ಸಿಗುತ್ತಾರೋ ಅಲ್ಲಿ ಶಾಲೆ. ಎಲ್ಲಿ ಸಿಗುವುದಿಲ್ಲವೋ ಅಲ್ಲಿಗೆ ಬೇರೆ ಜಿಲ್ಲೆಯಿಂದ ನರ್ಸುಗಳ ವರ್ಗಾವಣೆ. ಎರಡೂ ಒಂದೇ ಕಡೆಗೆ ಸಿಗುವುದಿಲ್ಲ. ಹುಡುಗಿಯರು ಎಷ್ಟಿದ್ದಾರೆಂದು ಎಣಿಸುವ ಕೆಲಸ ನಮ್ಮ ಭಾಗದಲ್ಲಿ ನನ್ನ ಪಾಲಿಗೆ ಬಂದಿದೆ. ಊರ ಕಡೆಗೆ ಬರಲು ನೀನು ಹಾಕಿದ ವರ್ಗಾವಣೆಯ ಅರ್ಜಿಯೂ ಬೆಳಗಾವಿಯ ಆಫೀಸಿನಲ್ಲಿದೆಯಲ್ಲ, ಆ ವಿಷಯ ಆಮೇಲೆ ಬರೆಯುತ್ತೇನೆ.

ಕೊರತೆ ಎಂದರೇನೆಂದು ನಿನಗೆ ನಾನು ಹೇಳಬೇಕೇ? ಆದರೂ ಕೇಳು. ರಾಮದುರ್ಗದ ಕಡೆಯ ಒಂದು ಸಣ್ಣ ದವಾಖಾನೆಗೆ ಹೋಗಿದ್ದೆ. ಮಂಜೂರಾದ ನರ್ಸುಗಳು ಐವರು, ಇದ್ದವರು ಇಂದಿರಾಬಾಯಿ ಒಬ್ಬರೇ. ನನ್ನ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಹೇಳುತ್ತ ಗೋಡೆಗೆ ಆತುಕೊಂಡು ನಿಂತಲ್ಲೇ ಕಣ್ಣು ಮುಚ್ಚಿದರು. ಎಚ್ಚರಾದ ಮೇಲೆ ನಾಚಿಕೊಂಡು, “ನೀವು ಸಾಲಿ ತಗದು, ಹುಡುಗ್ಯಾರು ಕಲತು ಬರೂದ್ರಾಗ ನನ್ನ ಪೆನ್ಶನ್ ಆಗಿರತದ ತಗೋರಿ” ಎಂದು ನಕ್ಕರು. ನನಗೆ ನೀನು ನೆನಪಾದೆ. ಅಲ್ಲಿ ನೀನೂ ಹೀಗೆ ನಿಂತೇ ನಿದ್ದೆ ಮಾಡುತ್ತೀಯೇನು? ಸುಳ್ಳು ಹೇಳಬೇಡ.

ಇನ್ನು ನನ್ನ ಪರಾಕ್ರಮದ ಕಥೆ. ಹತ್ತನೇ ಇಯತ್ತೆ ಪಾಸಾದ ಹುಡುಗಿಯರ ಪಾಲಕರಿಗೆ ಶಾಲೆಗಳ ಮೂಲಕ ಒಂದು ಫಾರ್ಮು ಹಂಚಿದೆವು. ಅದರಲ್ಲಿ ಏಳನೇ ಪ್ರಶ್ನೆಯೇ ಮುಖ್ಯ. ಬೆಂಗಳೂರಿನ ಕನ್ನಡದಲ್ಲಿ ಅದು ‘ಶುಶ್ರೂಷಾ ವೃತ್ತಿಗೆ ನಿಯೋಜಿಸಲು ಸಮ್ಮತಿ’ ಎಂದಿತ್ತು. ಇದು ಯಾರಪ್ಪನಿಗೆ ತಿಳಿಯುತ್ತದೆ ಎಂದು ನಾನು ಜಂಬದಿಂದ ಅದನ್ನು ಹೊಡೆದು, ‘ನಿಮ್ಮ ಮಗಳನ್ನು ಸೇವೆಗೆ ಬಿಡಲು ಒಪ್ಪಿಗೆ ಇದೆಯೇ?’ ಎಂದು ಬರೆದು, ಅಚ್ಚು ಹಾಕಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನಾಲ್ಕು ತಲೆಮಾರು ಪುರಾಣ ಹೇಳಿದ ಮನೆತನದವನಲ್ಲವೇ! ನೂರಾ ನಲವತ್ತು ಫಾರ್ಮು ತಿರುಗಿ ಬಂದವು. ನೂರಾ ಮೂವತ್ತೊಂದರಲ್ಲಿ ‘ಇಲ್ಲ’. ಒಬ್ಬರು ‘ನಾವು ಅಂಥವರಲ್ಲ’ ಎಂದು ಬರೆದಿದ್ದರು. ಇನ್ನೊಬ್ಬರು ‘ನಮ್ಮಲ್ಲಿ ಆ ಪದ್ಧತಿ ಇಲ್ಲ’ ಎಂದು ಕೆಳಗೆ ಗೆರೆ ಎಳೆದಿದ್ದರು. ನರ್ಸಿನ ಕೆಲಸವೆಂದರೆ ಜನಕ್ಕೆ ಇನ್ನೂ ಇಷ್ಟು ಹೇಸಿಗೆಯೇ ಎಂದು ನನಗೆ ಸಿಟ್ಟು ಬಂತು. ನೀನು ತರಬೇತಿಗೆ ಹೊರಟಾಗ ನಮ್ಮ ಕೃಷ್ಣಾಜಿ ಕಾಕಾ ಮನೆಯ ಮೆಟ್ಟಿಲು ಹತ್ತುವುದನ್ನೇ ನಿಲ್ಲಿಸಿದ್ದು ನೆನಪಾಯಿತು.

ಕಣ್ಣು ತೆರೆಸಿದವಳು ಲಗಮವ್ವ ಎಂಬ ಹೆಂಗಸು. ಚಚಡಿಯಿಂದಾಚೆ ಒಂದು ಹಳ್ಳಿಯವಳು. ಅವಳ ಮಗಳು ಕಾಡವ್ವ ಸವದತ್ತಿಯ ಹಾಸ್ಟೆಲಿನಲ್ಲಿದ್ದು ಓದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಆ ಫಾರ್ಮು ಮಾತ್ರ ತಿರುಗಿ ಬಂದಿರಲಿಲ್ಲವೆಂದು ನಾನೇ ಕೇಳಲು ಹೋದೆ. ಲಗಮವ್ವ ಹೊರಗೆ ಬಂದು, ಮಗಳನ್ನು ಒಳಗೆ ನೂಕಿ, ಬಾಗಿಲಿಗೆ ಅಡ್ಡ ನಿಂತಳು. “ನನ್ನ ಎಂಟು ವರ್ಷದಾಕಿ ಇದ್ದಾಗ ಗುಡ್ಡಕ್ಕ ಬಿಟ್ರರಿ ಸಾಹೇಬ್ರ. ಮಗಳಿಗರ ಸಾಲಿ ಕಲಿಸಿದ್ರ ಅದು ತಪ್ಪತೈತಿ ಅಂದ್ಕೊಂಡಿದ್ನಿ. ಈಗ ಸರಕಾರದವ್ರೂ ಸೇವಾಕ್ಕ ಬಿಡ್ತೀಯೇನು ಅಂತ ಕಾಗದಾ ಕಳಸ್ಯಾರ!” ನನ್ನ ಪ್ರಶ್ನೆ ಏನು ಕೇಳಿತ್ತೆಂದು ಆಗ ತಿಳಿಯಿತು, ನರ್ಮದಾ. ಯಲ್ಲಮ್ಮನ ಗುಡ್ಡದ ಬುಡದಲ್ಲಿ ಕೂತು, ಇಲ್ಲಿ ಹೆಣ್ಣುಮಗಳನ್ನು ‘ಬಿಡುವುದು’ ಎಂದರೆ ಮುತ್ತು ಕಟ್ಟಿ ದೇವದಾಸಿ ಮಾಡುವುದೆಂದು ನನಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಯಾರನ್ನೂ ಬಿಟ್ಟಿರಲಿಲ್ಲ, ಅದಕ್ಕೇ ಹೊಳೆಯಲಿಲ್ಲ. ಬಿಟ್ಟವರ ಮನೆಗೂ ಬಿಡದವರ ಮನೆಗೂ ಆ ಕಾಗದ ಒಂದೇ ಸಮ ಚುಚ್ಚಿದೆ. ನನಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಇದು ದವಾಖಾನೆಯ ಕೆಲಸ, ಕಲಿಸಿ ಪಗಾರ ಕೊಡುತ್ತಾರೆ, ನನ್ನ ಹೆಂಡತಿಯೂ ಅದನ್ನೇ ಮಾಡುತ್ತಾಳೆ ಎಂದು ತಿಳಿಸಿ ಹೇಳಿದೆ. ಅವಳು ಅಂದಳು: “ಅಯ್ಯ, ನರ್ಸಬಾಯಿ ಆಗೂದೇನ್ರಿ? ಹಂಗಾರ ಕಳಸ್ತೀಯೇನು ಅಂತ ಕೇಳ್ರಿ. ಕಳಿಸಿದಾಕಿ ಹಬ್ಬಕ್ಕರ ತವರಿಗೆ ಬರತಾಳ. ಬಿಟ್ಟಾಕಿಗಿ ಎಲ್ಲಿ ತವರರಿ?” ಬಾಗಿಲ ಹಿಂದಿನಿಂದ ಹುಡುಗಿ ಕೇಳಿದಳು: “ಸಾಲಿ ಯಾವಾಗ ತಗೀತಾರ್ರಿ ಸರ?”

ಹೊಸ ಫಾರ್ಮು ಬರೆದಿದ್ದೇನೆ. ಏಳನೇ ಪ್ರಶ್ನೆ ಈಗ ‘ನಿಮ್ಮ ಮಗಳನ್ನು ನರ್ಸಿನ ಕೆಲಸ ಕಲಿಯಲು ಕಳಿಸುತ್ತೀರಾ?’ ಎಂದಿದೆ. ನೂರಾ ನಲವತ್ತು ಮನೆಗೂ ಮತ್ತೆ ನಾನೇ ಹೋಗಬೇಕು. ಮಾಡಿದ್ದುಣ್ಣೋ ಮಹಾರಾಯ! ಬೆಳಗಾವಿಯ ನಮ್ಮ ಸಾಹೇಬರು, “ನೀಲಕಂಠರಾವ್, ಇಲ್ಲ ಅಂದ್ರ ಇಲ್ಲ. ಹಂಗ ಕಳಸ್ರಿ. ಸುಮ್ನ ಯಾಕ ಹುಣ್ಣು ಕೆರಕೋತೀರಿ?” ಎಂದರು. ನಿಜ ಹೇಳಲೇ? ಎರಡು ದಿನ ಆ ಹಳೆಯ ಕಟ್ಟನ್ನು ಚೀಲದಲ್ಲಿಟ್ಟುಕೊಂಡು, ಹಾಗೆಯೇ ಕಳಿಸಿಬಿಡಲೇ ಎಂದು ಯೋಚಿಸುತ್ತ ತಿರುಗಿದೆ. ಬಹಳ ದಣಿದಿದ್ದೇನೆ. ಮಳೆಯಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತಿದೆ, ಹೊಲಿಸಲು ಪುರುಸೊತ್ತಿಲ್ಲ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ, ಮೆಂತೆಹಿಟ್ಟು ಮಾಡಿಟ್ಟಿದ್ದಾಳೆ. ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕೊಟ್ಟು ಕಳಿಸುತ್ತೇನೆ. ವೇಳೆಗೆ ಸರಿಯಾಗಿ ಉಣ್ಣು.

ನಿನ್ನ,
ನೀಲಕಂಠ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಹಳೆಯ ಫಾರ್ಮು ಕಳಿಸಿದ್ದರೆ ನಮ್ಮ ಭಾಗಕ್ಕೆ ಶಾಲೆ ಇಲ್ಲ, ವರ್ಗಾವಣೆ. ಇಲ್ಲಿಗೆ ವರ್ಗವಾಗಿ ಬರುವವರ ಯಾದಿಯಲ್ಲಿ ನಿನ್ನ ಹೆಸರೇ ಮೊದಲು, ನಾನು ಕಣ್ಣಾರೆ ನೋಡಿದ್ದೇನೆ. ದಸರೆಗೆ ನೀನು ಮನೆಯಲ್ಲಿರುತ್ತಿದ್ದೆ. ಶಾಲೆ ಬಂದರೆ ಈ ಹುಡುಗಿಯರು ಕಲಿತು ಹೊರಬೀಳುವವರೆಗೆ, ಇನ್ನೂ ಮೂರು ವರ್ಷ, ನೀನು ಬೀದರಿನಲ್ಲೇ. ಹಳೆಯ ಫಾರ್ಮು ತಪ್ಪು, ತಪ್ಪು ನನ್ನದು ಎಂದು ಸಮಿತಿಗೆ ಬರೆದು ಇವತ್ತು ಬೆಳಿಗ್ಗೆಯೇ ರಜಿಸ್ಟರ್ ಮಾಡಿಬಿಟ್ಟೆ. ನಿನ್ನನ್ನು ಕೇಳಿ ಮಾಡಬೇಕಿತ್ತು. ಕೇಳಲಿಲ್ಲ. ನೀನು ‘ಬರತೇನಿ’ ಎಂದುಬಿಟ್ಟಿದ್ದರೆ ನನ್ನಿಂದ ಅದನ್ನು ಟಪಾಲಿಗೆ ಹಾಕುವುದು ಆಗುತ್ತಿರಲಿಲ್ಲ.