ಮೂಲ, ನಕಲು

ಮಾರ್ಚ್ ೧೪, ಮಧ್ಯಾಹ್ನ

ಚಿಕ್ಕೋನೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಪೂರ್ತಿ ಓದು.

ಆಸ್ಪತ್ರೆಯಲ್ಲಿ ನನ್ನ ಕೆಲಸ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು. ಗಂಟಲ ಆಪರೇಷನ್ನಿಗೆ ಮುಂಚೆ ಅವರ ದನಿಯನ್ನು ಹಿಡಿದಿಡುವುದು ಮಾತ್ರ ನಾನಾಗಿಯೇ ಮೈಮೇಲೆ ಎಳೆದುಕೊಂಡದ್ದು. ಮನೆಯ ಹಿಂದಿನ ಕೋಣೆಯಲ್ಲಿ, ನೀನು ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರಿನಲ್ಲಿ. ಆವತ್ತು ನೀನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ದೊಡ್ಡ ಹಾರ್ಡ್ ಡಿಸ್ಕ್ ಸಿಕ್ಕಿಸುತ್ತಿದ್ದೆ. ಎರಡು ಯಾಕೆ ಎಂದು ನಾನು ಕೇಳಿದೆ. “ಒಂದು ಸತ್ರೆ ಇನ್ನೊಂದರಲ್ಲಿ ಎಲ್ಲಾ ಇರುತ್ತಕ್ಕ, ತಾನೇ ನಕಲು ಮಾಡ್ಕೊಳ್ಳುತ್ತೆ” ಎಂದೆ. ಮೂರು ಸಲ ಕೇಳಿದ್ದೆ. ಮೂರನೇ ಸಲ, “ನಿಂಗೆ ಅರ್ಥ ಆಗಲ್ಲ ಬಿಡು” ಎಂದು ನೀನು ಮೂಗು ಮುರಿದೆ. ಆಮೇಲೆ ಒಂದರ ಮೇಲೆ ‘ಮೂಲ’, ಇನ್ನೊಂದರ ಮೇಲೆ ‘ನಕಲು’ ಎಂದು ಚೀಟಿ ಅಂಟಿಸಿದೆ. ನಿನ್ನದೇ ದುಂಡು ಅಕ್ಷರ.

ಹೋದ ವಾರ ‘ನಕಲು’ ಸತ್ತಿತು. ನಾನು ಗಾಬರಿಯಾಗಲಿಲ್ಲ, ಮೂಲ ಇದೆಯಲ್ಲ ಎಂದುಕೊಂಡೆ. ರಿಪೇರಿಯವರು ಪೆಟ್ಟಿಗೆ ಬಿಚ್ಚಿ, ಚೀಟಿ ಓದಿ ನಕ್ಕರು. ಸ್ವಲ್ಪ ಹೊತ್ತು ಏನೇನೋ ನೋಡಿದ ಮೇಲೆ ನಗು ನಿಂತಿತು. “ಇದು ನಕಲಲ್ಲ ಮೇಡಂ. ಎರಡನ್ನೂ ಸೇರಿಸಿ ಒಂದೇ ಮಾಡಿದ್ದಾರೆ. ಪ್ರತಿ ಫೈಲೂ ಚೂರು ಇಲ್ಲಿ, ಚೂರು ಅಲ್ಲಿ. ವೇಗ ಬೇಕು ಅನ್ನೋರು ಹೀಗೆ ಮಾಡ್ತಾರೆ. ಒಂದು ಹೋದ್ರೆ ಎರಡೂ ಹೋದಂಗೆ.” ಸತ್ತದ್ದರ ಒಳಗೆಲ್ಲ ಗೀರು ಬಿದ್ದಿತ್ತು, ಎತ್ತಲು ಏನೂ ಉಳಿದಿರಲಿಲ್ಲ.

ಆಗ ನಿನ್ನ ವಿಡಿಯೋಗಳು ನೆನಪಾದವು. ಕಂಪ್ಯೂಟರ್ ಜೋಡಿಸಿದ ಮೇಲೆ ಮೂರು ತಿಂಗಳು ಅವನ್ನು ಕತ್ತರಿಸಿ ಅಂಟಿಸಲು ನನ್ನ ಕೋಣೆಗೆ ಬರುತ್ತಿದ್ದೆಯಲ್ಲ. ವೇಗ ಬೇಕಿದ್ದದ್ದು ನಿನಗೆ.

ಅದರಲ್ಲಿ ಏನಿತ್ತು ಎಂದು ಹೇಳುತ್ತೇನೆ. ಒಬ್ಬ ಬಸ್ ಡ್ರೈವರ್. ನಾಲ್ಕು ವರ್ಷದ ಮಗಳಿದ್ದಾಳೆ. ಆಪರೇಷನ್ನಿಗೆ ಮುಂಚೆ ಮೂರು ಮಧ್ಯಾಹ್ನ ನನ್ನೆದುರು ಕೂತು ಮಾತಾಡಿದ. ಮಗಳ ಹೆಸರನ್ನು ಪ್ರೀತಿಯಿಂದ ಕರೆದ, ಗದರಿಸಿ ಕರೆದ, ರಸ್ತೆಯ ಆ ಕಡೆಯಿಂದ ಕೂಗಿದಂತೆ ಕರೆದ. ಅವಳ ಮದುವೆಯ ದಿನ ಹೇಳಬೇಕಾದದ್ದನ್ನು ಹೇಳಲು ಹೋಗಿ ನಡುವೆ ನಕ್ಕುಬಿಟ್ಟ. ಆ ನಗುವನ್ನೂ ಉಳಿಸಿದ್ದೆ. ಈಗ ಅವನಿಗೆ ದನಿಯಿಲ್ಲ.

ಸೋಮವಾರ ಗಂಡ ಹೆಂಡತಿ ಇಬ್ಬರೂ ಪೆನ್ ಡ್ರೈವ್ ಹಿಡಿದು ಬಂದರು. ನಾನು ನಿಂತುಕೊಂಡೇ ವಿಷಯ ಹೇಳಿದೆ. ಆಕೆ, “ಒಂದು ಸಲ ಹೆಸರು ಕರೆದದ್ದಾದ್ರೂ ಸಿಗಲ್ವಾ?” ಎಂದು ಕೇಳಿದಳು. ಇಲ್ಲವೆಂದೆ. ಅವನು ಪುಸ್ತಕದಲ್ಲಿ ಏನೋ ಬರೆದು ನನ್ನ ಕಡೆ ತಿರುಗಿಸಿದ: ‘ನೀವು ಅಳಬೇಡಿ.’ ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕಣೋ.

ಈಗ ನಾನೇ ಕಲಿತಿದ್ದೇನೆ. ರಿಪೇರಿಯವರ ಪಕ್ಕ ಎರಡು ದಿನ ಕೂತು, ಯಾವ ಕೇಬಲ್ ಎಲ್ಲಿಗೆ ಎಂದು ನೋಡಿ, ನನ್ನ ಕೈಯಾರೆ ಹೊಸ ಎರಡು ಡಿಸ್ಕ್ ಕೂರಿಸಿ, ಒಂದು ಇನ್ನೊಂದರ ನಿಜವಾದ ನಕಲಾಗುವಂತೆ ಮಾಡಿದೆ. ಮೂರನೆಯದು ಆಸ್ಪತ್ರೆಯ ಬೀರುವಿನಲ್ಲಿದೆ, ಇನ್ನು ಮೇಲೆ ಪ್ರತಿ ಶನಿವಾರ ತಂದು ತುಂಬಿಸಿ ಮತ್ತೆ ಅಲ್ಲೇ ಇಡುತ್ತೇನೆ. ಆಮೇಲೆ ಬೇಕೆಂದೇ ಒಂದರ ಕೇಬಲ್ ಕಿತ್ತು ಕಂಪ್ಯೂಟರ್ ಶುರುಮಾಡಿದೆ. ಹೊಸ ರೋಗಿಯೊಬ್ಬರ ದನಿ ಸ್ವಚ್ಛವಾಗಿ ಕೇಳಿಸಿತು. ಹತ್ತು ನಿಮಿಷದ ಕೆಲಸ. ನಿನಗೆ ಹತ್ತು ನಿಮಿಷ ಇರಲಿಲ್ಲ.

ನನ್ನ ಹತ್ತಿರ ತಪ್ಪಾಯಿತು ಎನ್ನಬೇಡ, ಅದು ನನಗೆ ಬೇಕಾಗಿಲ್ಲ. ಡ್ರೈವರಿಗೆ ಬರೆ. ನಿನ್ನ ಕೈಯಲ್ಲೇ, ಕಾಗದದ ಮೇಲೆ. ಕಂಪ್ಯೂಟರ್ ಭಾಷೆಯ ಹಿಂದೆ ಅವಿತುಕೊಳ್ಳದೆ, ಗೊತ್ತಿದ್ದೂ ಸುಳ್ಳು ಹೇಳಿದೆ ಎಂದು ಬರೆ. ನನಗೆ ಕಳಿಸು, ನಾನು ತಲುಪಿಸುತ್ತೇನೆ.

ಇಂತಿ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಡಿಸ್ಕ್ ಸಾಯುವ ಹತ್ತೊಂಬತ್ತು ದಿನ ಮುಂಚಿನಿಂದ ಪ್ರತಿ ಬೆಳಿಗ್ಗೆ ಪರದೆಯ ಮೇಲೆ ಎಚ್ಚರಿಕೆ ಬರುತ್ತಿತ್ತು: ಒಂದು ಡಿಸ್ಕ್ ಕೆಡುತ್ತಿದೆ, ಬೇರೆ ಕಡೆ ತೆಗೆದಿಟ್ಟುಕೊಳ್ಳಿ ಎಂದು. ಹೇಗೆಂದು ಕೇಳಲು ನಿನಗೆ ಫೋನ್ ಮಾಡಬೇಕಿತ್ತು. ಅಮ್ಮನ ಮನೆಯಲ್ಲಿ ನಮ್ಮಿಬ್ಬರಿಗೂ ಜಗಳವಾದ ಮೇಲೆ, ಮೊದಲು ನೀನೇ ಮಾಡಲಿ ಎಂದು ಹಟ ಹಿಡಿದು ಕೂತಿದ್ದೆ. ದಿನಾ ‘ಆಮೇಲೆ’ ಒತ್ತಿದೆ. ಆ ಹತ್ತೊಂಬತ್ತು ದಿನವೂ ಅವನ ದನಿ ಪೂರ್ತಿಯಾಗಿ ಅಲ್ಲೇ ಇತ್ತು. ಇದನ್ನು ಅವರಿಗೆ ಹೇಳಿಲ್ಲ. ನೀನು ಬರೆಯುವ ಕಾಗದದ ಕೆಳಗೆ ನನಗೆ ಅರ್ಧ ಪುಟ ಖಾಲಿ ಬಿಡು.