ಎರಡು ಕಣ್ಣು ಬಿಟ್ಟ ಬಳ್ಳಿ

ಜುಲೈ 3, ಸಂಜೆ

ತೇನಿ ಬಸ್ಸಿನಲ್ಲಿ ಇವತ್ತೂ ಸೀಟಿಲ್ಲ. ಹನುಮಂತನಪಟ್ಟಿವರೆಗೆ ನಿಂತೇ ಬಂದೆ. ಒಂಬತ್ತನೇ ಕ್ಲಾಸಿಗೆ ‘ಎರಾಡಿಕೇಟ್’ ಪಾಠ ಮಾಡಿ ಬಂದರೆ ಮನೆಯಲ್ಲೂ ಅದೇ ಪದ! ತೋಟಗಾರಿಕೆ ಆಫೀಸರ್ ಬಂದಿದ್ದರಂತೆ. ನಮ್ಮ ಪನ್ನೀರ್ ದ್ರಾಕ್ಷಿಗೆ ಬೇರುಕೊಳೆ ರೋಗ. ಎರಾಡಿಕೇಟ್ ಮಾಡಿ, ಇಲ್ಲದಿದ್ದರೆ ನೀರಿನ ಜೊತೆ ಕೆಳಗಿನ ತೋಟಕ್ಕೂ ಇಳಿಯುತ್ತೆ ಅಂದರಂತೆ. ಕೆಳಗಿನ ತೋಟ ಅತ್ತೆಯ ತಮ್ಮ ಮುತ್ತುಸಾಮಿಯವರದು.

“ಏನ್ ಕಲೈ ಅದ್ಕೆ ಅರ್ಥ?” ಅಂದರು ಅತ್ತೆ.

“ಬೇರ್ ಸಮೇತ ತೆಗ್ಯೋದು ಅತ್ತೆ. ಒಂದ್ ಚೂರೂ ಉಳೀಬಾರ್ದು. ಪೋಲಿಯೋನ ತೆಗುದ್ರಲ್ಲ, ಹಂಗೆ.”

ಎದ್ದು ಹೋದರು. ಮಾವ ತೀರಿಕೊಂಡ ವರ್ಷ ಅತ್ತೆ ಒಬ್ಬರೇ ನೆಟ್ಟ ಬಳ್ಳಿಗಳು. ಊಟಕ್ಕೂ ಬರಲಿಲ್ಲ.

ಜುಲೈ 7

ನಮ್ಮ ಯಜಮಾನರು ಬಳ್ಳಿ ತೆಗೆಯುತ್ತೇನೆಂದು ಕತ್ತರಿ ಹಿಡಿದು ತೋಟಕ್ಕೆ ಹೋಗಿದ್ದರು. ಸಂಜೆ ಹೋಗಿ ನೋಡಿದರೆ... ಅಯ್ಯೋ ದೇವರೇ! ಕೊಂಬೆಗೆ ಎರಡೆರಡು ಕಣ್ಣು ಬಿಟ್ಟು ಕತ್ತರಿಸಿದ್ದಾರೆ, ಚಿಗುರೊಡೆಯಲಿ ಅಂತ. ಗಾಯಕ್ಕೆ ಮದ್ದು ಬೇರೆ! ತೆಗೆಯಬೇಕಾದ ಬಳ್ಳಿಗೆ ವರ್ಷವರ್ಷ ಫಸಲಿಗೆಂದು ಮಾಡುವ ಕವಾತು.

“ಕೈ ಕಲ್ತಿರೋದೇ ಅಷ್ಟು ಕಣೇ. ಬುಡು, ಬರೀ ಕಡ್ಡಿ ತಾನೆ.”

ಜಗಳಕ್ಕೂ ತ್ರಾಣವಿಲ್ಲ. ತಿದ್ದಬೇಕಾದ ಪೇಪರ್ ಹಾಗೇ ಇದೆ.

ಜುಲೈ 24

ಚಿಗುರಿದೆ. ಅತ್ತೆ ಇವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡರು. ಚಿಗುರಿದರೂ ಕೀಳಲೇಬೇಕು ಅಂತ ಹೇಳಬೇಕು ಅಂದುಕೊಂಡೆ. ಅನ್ನದ ಮೇಲೆ ಸಾರು ಬಡಿಸಿದೆ.

ಆಗಸ್ಟ್ 11

ಮುತ್ತುಸಾಮಿ ಮಾಮ ಬಂದರು. ಕೂರಲಿಲ್ಲ. ಅವರ ತೋಟದ ಮೇಲಿನ ಸಾಲು ಒಣಗುತ್ತಿದೆ.

“ಅಕ್ಕಾ, ಸದ್ಯಕ್ಕೆ ಒಂದೇ ಸಾಲು ಹೋಗಿರೋದು. ನಿನ್ ಬಳ್ಳಿ ಇದ್ರೆ ನಂದು ಇರಲ್ಲ.”

ಕೂಗಾಡಿದ್ದರೂ ಪರವಾಗಿರಲಿಲ್ಲ. ಮೆಲ್ಲಗೆ ಹೇಳಿ ಹೋದರು. ಅತ್ತೆ ಅವರಿಗೆಂದು ತಂದ ಕಾಪಿ ಲೋಟ ಹಿಡಿದೇ ನಿಂತಿದ್ದರು. ಅವತ್ತೇ ಹೇಳದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಆಗಸ್ಟ್ 12, ಮಧ್ಯಾಹ್ನ

ಲೀವ್ ಹಾಕಿದೆ. ಬೆಳಿಗ್ಗೆ ಅತ್ತೆಯೇ ನೆಲ ಅಗೆಯುವ ಕಬ್ಬಿಣದ ಕಡಪಾರೆ ತಂದರು. ಯಜಮಾನರು ಕೈ ಚಾಚಿದರೆ ಕೊಡಲಿಲ್ಲ.

“ನೀ ಬ್ಯಾಡಪ್ಪಾ, ಮತ್ತೆ ಏನಾರ ಬುಟ್ಟುಬುಡ್ತೀಯ. ಕಲೈ, ನಿಂಗೆ ಅರ್ಥ ಗೊತ್ತಲ್ಲ. ನೀ ಕೀಳು.”

ಆ ಪದ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಬುಡಕ್ಕೆ ಪಾರೆ ಹಾಕಿದರೆ ಅಲುಗಲೇ ಇಲ್ಲ. ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬರಿಗೈಯಲ್ಲಿ ಮಣ್ಣು ಬಗೆದರು. ಅಳುತ್ತಿದ್ದರು, ಒರೆಸಿಕೊಳ್ಳಲಿಲ್ಲ. ಮೊದಲ ಬಳ್ಳಿ ಬಂತು. ಇನ್ನೂ ಇಡೀ ಚಪ್ಪರ ಇದೆ... ಉಸ್ಸಪ್ಪಾ. ನೀರು ಕುಡಿಯಲು ಬಂದು ಇಷ್ಟು ಬರೆದೆ. ಅತ್ತೆ ಇನ್ನೂ ಗುಂಡಿಯ ಹತ್ತಿರವೇ ಇದ್ದಾರೆ. ಕೂಗುತ್ತಿದ್ದಾರೆ —

“ಕಲೈ, ಇಲ್ಲೊಂದ್ ಬೇರು ಉಳ್ಕಂಡದೆ, ಪಾರೆ ತಕ್ಕಂಡ್ ಬಾ—”